ಗೋಡೌನಿನವರ ಜಾಮೀನು

ಸ್ನೇಹಿತರೇ, ಹದಿನೈದು ವರ್ಷದ ಮನೆ ಸಾಲವನ್ನು ಏಳೇ ವರ್ಷಕ್ಕೆ ಇವತ್ತು ತೀರಿಸಿದೆವು. ಹೊರಗೋಡೆ ಇನ್ನೂ ಬರೀ ಸಿಮೆಂಟು. ಬಣ್ಣದ ದುಡ್ಡೂ ಸಾಲಕ್ಕೇ ಹೋಗಿತ್ತು.

ನಾನು, ನಮ್ಮ ಮನೆಯವರು ಶಿಕಾರಿಪುರದ ಬ್ಯಾಂಕಿನಿಂದ ಮನೆಪತ್ರ ಬಿಡಿಸಿಕೊಂಡು ಬರುವಷ್ಟರಲ್ಲಿ ಅವರ ಅಣ್ಣ, ಅಂದರೆ ನನ್ನ ಭಾವ, ಕುಪ್ಪಗಡ್ಡೆಯಿಂದ ಬಂದು ಮೆಟ್ಟಿಲ ಮೇಲೆ ಕೂತಿದ್ದರು.

“ಸಾಲ ಮುಗೀತಂತಲ್ಲ ತಮ್ಮಾ, ಒಳ್ಳೇದಾತು. ನನ್ನ ಕಾರಿನ ಸಾಲಕ್ಕೆ ಒಂದು ಜಾಮೀನು ಹಾಕಿಬಿಡು.”

ನಮ್ಮವರಿಗೆ ಅಣ್ಣನೆದುರು ಇಲ್ಲ ಎಂದು ಹೇಳಿ ಗೊತ್ತಿಲ್ಲ. ಆಗಲೇ ಜೇಬಿನಿಂದ ಪೆನ್ನು ತೆಗೆದಿದ್ದರು. ನಾನು ನಡುವೆ ಬಾಯಿ ಹಾಕಿದೆ.

“ಭಾವ, ಹೋದ ಯುಗಾದಿಗೆ ಬಂದಾಗ ಈ ಗೋಡೆ ನೋಡಿ ಏನಂದ್ರಿ, ನೆನಪೈತಾ?”

“ಏನಂದೆ?”

“ಇದು ಮನೆಯಲ್ಲ, ಗೋಡೌನ್ ಅಂದ್ರಿ. ಗೋಡೌನಿನಲ್ಲಿ ಇರೋರ ಜಾಮೀನು ಯಾವ ಬ್ಯಾಂಕಿನೋರು ಒಪ್ತಾರೆ ಹೇಳ್ರಿ?”

ಭಾವ ಗೋಡೆಯನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. “ಅದೂ ಹೌದು. ಅವರು ಮನೆ ನೋಡಕ್ಕೆ ಬಂದ್ರೆ ಕಷ್ಟವೇ” ಎಂದು ಚಹಾ ಕುಡಿದು ಹೊರಟೇ ಬಿಟ್ಟರು. ಅಬ್ಬಾ!

ಬ್ಯಾಂಕಿನಿಂದ ಬರುವ ದಾರಿಯಲ್ಲಿ ನಮ್ಮವರು ಆಸೆಯಿಂದ ಬಣ್ಣದ ಅಂಗಡಿಯ ಶೇಡ್ ಕಾರ್ಡ್ ತಂದಿದ್ದರು. ಅದನ್ನೂ ಮನೆಪತ್ರದ ಜೊತೆ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ.