ಸೀಟಿನ ಕೆಳಗಿನ ಬಿಳಿ ವಯರು

ಹೋದ ವರ್ಷ ತಮಿಳಿನ ಆವಣಿ ತಿಂಗಳಲ್ಲಿ, ಅಂದರೆ ಶ್ರಾವಣದ ಹೊತ್ತಿಗೆ, ನಮ್ಮಣ್ಣನ ಮಗಳು ಪ್ರಿಯಾಳ ಮದುವೆ. ನಾವು ಸೇಲಂ ಅಮ್ಮಾಪೇಟೆಯ ನೇಕಾರರು, ಮನೆಮಾತು ಕನ್ನಡ. ನಮ್ಮ ಮನೆತನದಲ್ಲಿ ಮದುಮಗಳ ಮುಹೂರ್ತದ ಸೀರೆಯನ್ನು ಸೋದರತ್ತೆಯೇ ನೇಯಬೇಕು. ಮಗ್ಗದಿಂದ ಇಳಿಸಿದ ಮೇಲೆ ಹುಡುಗಿಯ ಕೈ ಸೇರುವ ತನಕ ಅದನ್ನು ನೆಲಕ್ಕೆ ಇಡಬಾರದು. ಆ ಸೋದರತ್ತೆ ನಾನೇ.

ನನ್ನ ಎಲೆಕ್ಟ್ರಿಕ್ ಬೈಕಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಲೈಸೆನ್ಸಿಗೆ ನೆಲದ ಮೇಲೆ ಬರೆದ ಎಂಟರ ಗೆರೆಯಲ್ಲಿ ಗಾಡಿ ಓಡಿಸಿ ತೋರಿಸಬೇಕಲ್ಲ, ಅದರಲ್ಲಿ ನಾನು ಎರಡು ಸಲ ಕಾಲೂರಿ ಫೇಲಾದವಳು. ಆಮೇಲೆ ಅಂಗಡಿಯವರು ಈ ಬೈಕು ತೋರಿಸಿದರು. ಇನ್ನೂರೈವತ್ತು ವಾಟಿನ ಮೋಟಾರು, ಗಂಟೆಗೆ ಇಪ್ಪತ್ತೈದು ಕಿಲೋಮೀಟರ್ ದಾಟುವುದಿಲ್ಲ, ಆದ್ದರಿಂದ ಲೈಸೆನ್ಸೂ ಬೇಡ, ನಂಬರ್ ಪ್ಲೇಟೂ ಬೇಡ ಎಂದರು. ನಲವತ್ತಾರನೇ ವಯಸ್ಸಿನಲ್ಲಿ ನನಗೆ ರೆಕ್ಕೆ ಬಂದಹಾಗಾಯಿತು. ಆದರೆ ಆಸೆಗೆ ಮಿತಿ ಎಲ್ಲಿ? ಶಾಲೆ ಮಕ್ಕಳ ಸೈಕಲ್ಲುಗಳೂ ನನ್ನನ್ನು ಹಿಂದೆ ಹಾಕತೊಡಗಿದಾಗ ಮೈದುನ ರವಿಯನ್ನು ಕಾಡಿ ಬೇಡಿ ವೇಗಕ್ಕೆ ಕಡಿವಾಣ ಹಾಕುವ, ಸೀಟಿನ ಕೆಳಗಿನ ಬಿಳಿ ವಯರನ್ನು ಕತ್ತರಿಸಿ ಹಾಕಿಸಿದೆ. ಬೈಕು ನಲವತ್ತರ ಮೇಲೆ ಹಾರತೊಡಗಿತು. ತಪ್ಪು ರವಿಯದಲ್ಲ, ಪೂರ್ತಿ ನನ್ನದೇ.

ಮದುವೆಯ ದಿನ ಒಂಬತ್ತಕ್ಕೆ ಮುಹೂರ್ತ ಶುರು. ಮನೆಯವರೆಲ್ಲ ಹಿಂದಿನ ದಿನವೇ ಅಯೋಧ್ಯಾಪಟ್ಟಣದ ಕಲ್ಯಾಣ ಮಂಟಪ ಸೇರಿದ್ದರು. ಸೆರಗಿನ ಹತ್ತಿರ ಎಳೆಗಳು ಹರಿದು ತೊಂದರೆಯಾಗಿ ನಾನೊಬ್ಬಳೇ ಉಳಿದುಕೊಂಡೆ. ಸೀರೆ ಮಗ್ಗದಿಂದ ಇಳಿದಾಗ ಎಂಟು ಗಂಟೆ ದಾಟಿತ್ತು. ಅರಿಶಿನ ಬಟ್ಟೆಯಲ್ಲಿ ಸುತ್ತಿ, ಮಡಿಲಿಗೆ ಕಟ್ಟಿಕೊಂಡು, ಬೈಕು ಹತ್ತಿ ಬಿಟ್ಟೆ ನೋಡಿ. ಗಾಳಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ನಿಜ ಹೇಳಬೇಕೆಂದರೆ, ಅಷ್ಟು ಖುಷಿ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ಮೂರು ಕಿಲೋಮೀಟರ್ ಹೋಗಿರಬಹುದು, ತಿರುವಿನಲ್ಲಿ ಚೆಕಿಂಗ್. ಪೊಲೀಸಿನವರೊಬ್ಬರು ಕೈ ಅಡ್ಡ ಹಿಡಿದರು. ಪಕ್ಕದಲ್ಲಿ ಆರ್‌ಟಿಒ ಆಫೀಸಿನ ಹೆಣ್ಣು ಇನ್‌ಸ್ಪೆಕ್ಟರ್. ಇದಕ್ಕೆ ಲೈಸೆನ್ಸ್ ಬೇಡ ಎಂದು ನಾನು ತಮಿಳಿನಲ್ಲಿ ಜೋರಾಗಿಯೇ ವಾದಿಸಿದೆ. ಇನ್‌ಸ್ಪೆಕ್ಟರಮ್ಮ ಆ ಪೊಲೀಸಿನವರ ಕೈಯಲ್ಲಿ ಬೈಕು ಓಡಿಸಿ ನೋಡಿದರು. ಅವರು ತಿರುಗಿ ಬರುವಾಗ ನನ್ನ ಬಾಯಿಂದ ‘ಅಯ್ಯೋ ದೇವ್ರೇ’ ಎಂದು ಕನ್ನಡ ಬಂತು. ಪೊಲೀಸಿನವರ ಮುಖ ಅರಳಿತು. ಅವರೂ ಗಡಿಯ ಹತ್ತಿರದ ಮಾರಂಡಹಳ್ಳಿ ಕಡೆಯ ಕನ್ನಡದವರಂತೆ.

“ಏನಕ್ಕಾ, ಇದು ನಲವತ್ನಾಕು ಓಯ್ತೈತೆ. ಇಂಗಾದ್ರೆ ಇದು ಸೈಕಲ್ ಲೆಕ್ಕ ಅಲ್ಲ, ಮೋಟಾರ್ ವಂಡಿ. ಯಾರ್ಗಾನ ಗುದ್ದಿದ್ರೆ ಇನ್ಸೂರನ್ಸೂ ಇಲ್ಲ, ಗೊತ್ತೈತಾ?”

ಗಾಡಿ ಜಪ್ತಿ ಎಂದರು ಇನ್‌ಸ್ಪೆಕ್ಟರ್. ಅವತ್ತು ಎಲ್ಲೆಲ್ಲೂ ಮದುವೆ, ಒಂದು ಆಟೋ ಕೂಡ ಖಾಲಿ ಬರುತ್ತಿರಲಿಲ್ಲ. ಅಲ್ಲಿ ಪ್ರಿಯಾ ಸೀರೆಗಾಗಿ ಕಾಯುತ್ತಿದ್ದಾಳೆ, ಇಲ್ಲಿ ನಾನು ನಡುರಸ್ತೆಯಲ್ಲಿ. ವಾದ ಬಿಟ್ಟು ಇದ್ದದ್ದನ್ನೆಲ್ಲ ಒಪ್ಪಿಕೊಂಡೆ.

“ವಯರ್ ಕಟ್ ಮಾಡ್ಸಿದೋಳು ನಾನೇ ಮೇಡಮ್. ನಾನೇ ಕೂಡಿಸ್ತೀನಿ. ಎಳೆ ಕೂಡ್ಸೋದೇ ನನ್ನ ಕೆಲ್ಸ,” ಎಂದೆ. ಗಾಬರಿಯಲ್ಲಿ ಕನ್ನಡದಲ್ಲೇ ಹೇಳಿದ್ದೆ. ಮಾರಂಡಹಳ್ಳಿಯ ಪೊಲೀಸಿನವರೇ ಅದನ್ನು ಇನ್‌ಸ್ಪೆಕ್ಟರಿಗೆ ತಮಿಳಿನಲ್ಲಿ ತಿಳಿಸಿದರು.

ಇನ್‌ಸ್ಪೆಕ್ಟರ್ ಗಡಿಯಾರ ನೋಡಿದರು, ನನ್ನ ಮಡಿಲು ನೋಡಿದರು, ಹತ್ತು ನಿಮಿಷ ಕೊಟ್ಟರು. ಆದರೆ ಬಗ್ಗಿ ಕೆಲಸ ಮಾಡಬೇಕಾದರೆ ಸೀರೆ ಎಲ್ಲಿಡಲಿ? ನೆಲಕ್ಕೆ ಇಡುವಂತಿಲ್ಲ ಎಂದು ಹೇಳಿದೆ. ಆಕೆ ಟೋಪಿ ತೆಗೆದು ಜೀಪಿನ ಮೇಲಿಟ್ಟು, ಎರಡೂ ಕೈ ಚಾಚಿ ಸೀರೆಯನ್ನು ತೆಗೆದುಕೊಂಡರು.

ಕೀಲಿ ತೆಗೆದು ಸೀಟು ಎತ್ತಿದೆ. ಪರ್ಸಿನಲ್ಲಿದ್ದ ಮಗ್ಗದ ಚಿಕ್ಕ ಕತ್ತರಿಯಿಂದ ವಯರಿನ ಎರಡೂ ತುದಿ ಸುಲಿದೆ. ಮಗ್ಗದಲ್ಲಿ ಹೊಸ ಹಾಸಿನ, ಅಂದರೆ ಉದ್ದ ನೂಲಿನ, ಎಳೆಯನ್ನು ಹಳೆಯದಕ್ಕೆ ಹೊಸೆಯುವಾಗ ಜಾರದಿರಲೆಂದು ಬೆರಳಿಗೆ ಬೂದಿ ಮುಟ್ಟಿಸಿಕೊಳ್ಳುವುದು ನಮ್ಮ ಅಭ್ಯಾಸ. ಬೂದಿ ಎಲ್ಲಿಂದ ಬರಬೇಕು, ಕೈ ತಾನೇ ರಸ್ತೆಯ ಧೂಳು ಮುಟ್ಟಿತು. ತಾಮ್ರದ ಎಳೆಗಳನ್ನು ಹೊಸೆದು ಬಿಗಿದೆ. ಪೊಲೀಸಿನವರು ಜೀಪಿನಿಂದ ಟೇಪು ತಂದು ಸುತ್ತಿದರು. ಮತ್ತೆ ಓಡಿಸಿ ನೋಡಿದರು. ಎಷ್ಟು ತಿರುವಿದರೂ ಇಪ್ಪತ್ತೈದೇ.

ಇನ್ನು ಮೇಲೆ ವಯರಿಗೆ ಕೈ ಹಚ್ಚುವುದಿಲ್ಲ ಎಂದು ಬರೆಸಿಕೊಂಡರು. ಸೀರೆ ವಾಪಸು ಕೊಡುತ್ತಾ ಇನ್‌ಸ್ಪೆಕ್ಟರ್ ಹೇಳಿದ್ದು ಇನ್ನೂ ಕಿವಿಯಲ್ಲಿದೆ: ಮನೆಯಿಂದ ಇಪ್ಪತ್ತೈದರಲ್ಲೇ ಹೊರಟಿದ್ದರೂ ಇಷ್ಟು ಹೊತ್ತಿಗೆ ಮಂಟಪದಲ್ಲಿ ಇರುತ್ತಿದ್ದಿರಲ್ಲ! ನನಗೆ ಭೂಮಿ ಬಾಯ್ಬಿಡಬಾರದೇ ಎನಿಸಿತು.

ಉಳಿದ ಐದು ಕಿಲೋಮೀಟರ್ ಪ್ರಾಣ ಕೈಯಲ್ಲಿ ಹಿಡಿದು ಹೋದೆ. ಒಂಬತ್ತಕ್ಕೆ ಐದು ನಿಮಿಷ ಇರುವಾಗ ಪ್ರಿಯಾ ಬಾಗಿಲಿಗೇ ಓಡಿಬಂದು ನನ್ನ ಕೈಯಿಂದ ಸೀರೆ ತೆಗೆದುಕೊಂಡಳು. ನಾನು ಅಲ್ಲೇ ಕುರ್ಚಿಯಲ್ಲಿ ಕುಸಿದು ಅತ್ತುಬಿಟ್ಟೆ.

ಆಮೇಲೆ ರವಿ ಆ ಗಂಟನ್ನು ಜಗ್ಗಿ ನೋಡಿ, ಬಿಚ್ಚಲಾ ಅತ್ತಿಗೆ ಎಂದು ರೇಗಿಸಿದ. ಬೇಡಪ್ಪಾ ಎಂದೆ. ಈಗಲೂ ಸೈಕಲ್ಲುಗಳು ನನ್ನನ್ನು ದಾಟಿ ಹೋಗುತ್ತವೆ, ಹೋಗಲಿ. ದಿನಾ ಬೆಳಿಗ್ಗೆ ಸೀಟು ಎತ್ತಿ ಗಂಟನ್ನು ಒಮ್ಮೆ ಮುಟ್ಟಿ ನೋಡಿಯೇ ಹೊರಡುತ್ತೇನೆ. ಮುಟ್ಟಿದಾಗೆಲ್ಲ, ರಸ್ತೆ ಬದಿಯಲ್ಲಿ ಹತ್ತು ನಿಮಿಷ ನಮ್ಮ ಹುಡುಗಿಯ ಸೀರೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ ಆ ಖಾಕಿಯ ತಾಯಿ ಕಣ್ಣಮುಂದೆ ಬರುತ್ತಾರೆ.