ಗುರುಸಿದ್ದಪ್ಪ ಕಾಕಾ ಮತ್ತು ನಾನು ಕತ್ತರಿಸಿದ ಕಾಯಿಲ್

ಗುರುಸಿದ್ದಪ್ಪ ಕಾಕಾ ಕೆಟ್ಟ ಸಾಮಾನನ್ನು ಮೊದಲು ಮೂಸಿ ನೋಡುತ್ತಿದ್ದರು. ಎಲೆಕ್ಟ್ರಿಕ್ ಗಿಟಾರು ಬಂದರೆ ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡು, ಕನ್ನಡಕವನ್ನು ತಲೆಗೇರಿಸಿ, ಗುಂಡಿಗಳಿದ್ದ ಕಡೆ ಮೂಗು ತಂದು ಒಮ್ಮೆ ಉಸಿರೆಳೆಯುವರು. ಹಣೆಯ ವಿಭೂತಿ ಒಂದಿಷ್ಟು ತಂತಿಗಳ ಮೇಲೆ ಉದುರುತ್ತಿತ್ತು. ಆಮೇಲೆ ತಲೆ ಎತ್ತಿ, “ಸುಟ್ಟಿಲ್ಲ” ಎನ್ನುವರು. ನಾನು ಅವರನ್ನು ಕಂಡ ಇಷ್ಟು ವರ್ಷಗಳಲ್ಲಿ ಒಂದು ಗಿಟಾರೂ ಸುಟ್ಟಿರಲಿಲ್ಲ. ಆದರೂ ಅವರು ಮೂಸುವುದನ್ನು ಬಿಡಲಿಲ್ಲ.

ಅವರು ಧಾರವಾಡ ಜಿಲ್ಲೆಯಿಂದ ದಾಂಡೇಲಿಗೆ ಬಂದು ಕಾಗದದ ಮಿಲ್ಲಿನಲ್ಲಿ ಮೀಟರು, ಗೇಜು ರಿಪೇರಿ ಮಾಡುವ ಕೆಲಸದಲ್ಲಿದ್ದವರು. ನಿವೃತ್ತರಾದ ಮೇಲೆ ಮನೆಯ ಮುಂದಿನ ಖೋಲಿಯಲ್ಲಿ ಒಂದು ಮೇಜು ಹಾಕಿಕೊಂಡರು. ಬೋರ್ಡಿರಲಿಲ್ಲ. ಚರ್ಚಿನಲ್ಲಿ ಬಾರಿಸುವವರು, ಮದುವೆ ಆರ್ಕೆಸ್ಟ್ರಾದವರು, ಜೋಯಿಡಾದ ರೆಸಾರ್ಟುಗಳಲ್ಲಿ ಶನಿವಾರ ಹಾಡುವವರು ಎಲ್ಲರೂ ಕೇಳಿಕೊಂಡು ಬರುತ್ತಿದ್ದರು. ಕಾಕಾರಿಗೆ ಗಿಟಾರು ಬಾರಿಸಲು ಬರುತ್ತಿರಲಿಲ್ಲ. ಒಂದೊಂದೇ ತಂತಿಯನ್ನು ಸ್ಕ್ರೂಡ್ರೈವರಿನಿಂದ ತಟ್ಟಿ, ಬಾವಿಯ ನೀರು ಎಷ್ಟು ಆಳಕ್ಕಿದೆ ಎಂದು ಕಲ್ಲು ಹಾಕಿ ಕೇಳುವವರ ಹಾಗೆ ಕೇಳುತ್ತಿದ್ದರು.

ಒಮ್ಮೆ ರೆಸಾರ್ಟಿನಲ್ಲಿ ಹಾಡುವ ಒಬ್ಬ ಬಂದು, ತಂತಿಯಿಂದ ಕೈ ಬಿಟ್ಟರೆ ಗಿಟಾರು ಗುಂಯ್ ಅನ್ನುತ್ತದೆ ಎಂದ. ಮನೆಯಲ್ಲೂ ಅನ್ನುತ್ತದೆಯೇ ಎಂದು ಕಾಕಾ ಕೇಳಿದರು. ಇಲ್ಲ, ಅಲ್ಲಿ ಮಾತ್ರ. ಹಾಡುವಾಗ ಮೈಕು ತುಟಿಗೆ ತಾಗಿದರೆ ಜುಮ್ಮೆನ್ನುತ್ತದೆಯೇ? ಹೌದು. ಕಾಕಾ ಒಂದು ಚೀಟಿಯಲ್ಲಿ, ನಿಮ್ಮಲ್ಲಿ ಅರ್ಥಿಂಗ್ ಇಲ್ಲ, ಮೊದಲು ಅದನ್ನು ಮಾಡಿಸಿರಿ ಎಂದು ರೆಸಾರ್ಟಿನವರಿಗೆ ಬರೆದು, ಗಿಟಾರನ್ನು ಬಿಚ್ಚದೇ ಕೊಟ್ಟರು. ಅವನಿಗೆ ಸಮಾಧಾನವಾಗಲಿಲ್ಲ. ಅಷ್ಟು ದೂರದಿಂದ ಬಂದಿದ್ದೇನೆ, ಏನಾದರೂ ಮಾಡಿರಿ ಎಂದ. ಕಾಕಾ ಒಂದು ಸ್ಕ್ರೂ ಬಿಚ್ಚಿ, ಅದನ್ನೇ ತಿರುಗಿ ಹಾಕಿ ಕೊಟ್ಟರು. ಅವನು ನಮಸ್ಕಾರ ಮಾಡಿ ಹೋದ.

ನನ್ನದು ಹಳಿಯಾಳದಲ್ಲಿ ಮೋಟಾರು ವೈಂಡಿಂಗ್ ಅಂಗಡಿ. ಏಳನೆಯ ಇಯತ್ತೆಯಲ್ಲಿ ಶಾಲೆ ಬಿಟ್ಟು ಈ ಕೆಲಸಕ್ಕೆ ಕೂತವನು. ಸುಟ್ಟ ಕಾಯಿಲ್, ಅಂದರೆ ತಾಮ್ರದ ತಂತಿಯ ಸುರುಳಿ, ಕತ್ತರಿಸಿ ತೆಗೆಯುವುದು, ಹೊಸದು ಸುತ್ತಿ ಕೂಡಿಸುವುದು, ವಾರ್ನಿಶ್ ಕುಡಿಸುವುದು. ನಾನು ಸುತ್ತಿದ ಮೋಟಾರು ಅದೇ ತಕರಾರಿಗೆ ಮತ್ತೆ ನನ್ನ ಬಾಗಿಲಿಗೆ ಬಂದದ್ದಿಲ್ಲ. ಇದನ್ನು ನಾನು ಹೇಳುವ ಅಗತ್ಯವಿಲ್ಲ, ಊರಲ್ಲಿ ಕೇಳಬಹುದು. ಇಂತಿಷ್ಟೇ ದಪ್ಪದ ತಂತಿ, ಹಳೆಯ ಮೀಟರು ಏನಾದರೂ ಬೇಕಾದಾಗ ದಾಂಡೇಲಿಗೆ ಹೋಗುತ್ತಿದ್ದೆ. ಹೋದಾಗ ಕಾಕಾರ ಕಡೆ ಒಂದು ಚಹಾ ಆಗುತ್ತಿತ್ತು. ಅವರ ಹೆಂಡತಿ ನೀಲವ್ವ ಕಾಕು ಬಟ್ಟೆ ಹೊಲಿಯುತ್ತಲೇ ಚಹಾ ಕುದಿಸುವವರು.

ಹಳಿಯಾಳದ ಪಕ್ಕದ ಹಳ್ಳಿಯ ಮಲ್ಲೇಶಿ ಗೋವಿನಜೋಳ ಬೆಳೆಯುವವನು, ಮದುವೆಯ ದಿನಗಳಲ್ಲಿ ಆರ್ಕೆಸ್ಟ್ರಾದಲ್ಲಿ ಗಿಟಾರು ಬಾರಿಸುವವನು. ಅವನ ಪಂಪ್‌ಸೆಟ್ಟಿನ ಮೋಟಾರು ಸುತ್ತಿದವನು ನಾನೇ. ಅದೇ ನಂಬಿಗೆಯಿಂದ ಒಂದು ಸೋಮವಾರ ತನ್ನ ಗಿಟಾರನ್ನೂ ನನ್ನ ಅಂಗಡಿಗೆ ತಂದ. ಧ್ವನಿಯೇ ಇಲ್ಲ, ಶುಕ್ರವಾರ ಮುಂಡಗೋಡ ಕಡೆ ಚಿಗಳ್ಳಿಯಲ್ಲಿ ಮದುವೆ ಹಿಡಿದಿದ್ದೇನೆ ಎಂದ. ಗಿಟಾರು ನನಗೆ ಬರುವುದಿಲ್ಲ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಮುಚ್ಚಳ ಬಿಚ್ಚಿದೆ. ತಂತಿಗಳ ಕೆಳಗೆ, ಅಯಸ್ಕಾಂತದ ಸುತ್ತ ಕೂದಲಿಗಿಂತ ತೆಳುವಾದ ತಾಮ್ರ ಸುತ್ತಿದ ಮೂರು ಕಾಯಿಲ್‌ಗಳು ಕಂಡವು. ಗಿಟಾರಿನವರು ಅದಕ್ಕೆ ಪಿಕಪ್ ಅನ್ನುತ್ತಾರೆ. ನನಗೆ ಕಾಯಿಲ್ ಕಂಡರೆ ಮುಗಿಯಿತು. ಬ್ಲೇಡು ತೆಗೆದುಕೊಂಡು ಮೊದಲನೆಯದನ್ನು ಅಡ್ಡ ಕೊಯ್ದು, ತಾಮ್ರವನ್ನೆಲ್ಲ ಕಿತ್ತು ಹಾಕಿದೆ. ಸುತ್ತಲು ನೋಡಿದರೆ ಅಂಥ ತಂತಿ ನನ್ನ ಅಂಗಡಿಯಲ್ಲಿರಲಿಲ್ಲ. ಮರುದಿನ ಗಿಟಾರು ಹೊತ್ತುಕೊಂಡು ದಾಂಡೇಲಿಯ ಬಸ್ಸು ಹತ್ತಿದೆ.

ಕಾಕಾ ಮೂಸಿದರು. ಮೂಸಿದ ಮೇಲೆ ತಾಮ್ರ ಕಿತ್ತ ಪಿಕಪ್ಪನ್ನು, ಆಮೇಲೆ ನನ್ನ ಮುಖವನ್ನು ನೋಡಿದರು.

“ಎಷ್ಟು ಕಾಯಿಲಿನ್ಯಾಗ ಆವಾಜ ಇರಲಿಲ್ಲ?”

“ಮೂರರಾಗೂ ಇರಲಿಲ್ರಿ.”

“ಒಂದ ಮನ್ಯಾಗ ಮೂರು ಮಂದಿ ಕೂಡೇ ಸುಮ್ಮನಾದ್ರಂದ್ರ ಮೊದಲ ಬಾಗಲಾ ಬಡದ ನೋಡಬೇಕೋ, ಒಬ್ಬನ ಹೊಟ್ಟಿ ಕೊಯ್ಯಬೇಕೋ?”

“ತ್ರೀ ಫೇಸ್ ಮೋಟಾರಿನ್ಯಾಗ ಮೂರೂ ಕೂಡೇ ಸುಡತಾವ್ರಿ ಕಾಕಾ.” ಆಗ ಅದು ನನಗೆ ಒಳ್ಳೆಯ ಉತ್ತರವಾಗಿಯೇ ಕಂಡಿತ್ತು.

“ಮೋಟಾರಿಗೆ ನೀ ಕರೆಂಟ್ ಕೊಡ್ತಿ, ಸುಡತೈತಿ. ಇದಕ್ಕ ಯಾರ ಕೊಡ್ತಾರ? ಇದು ಸೈಕಲ್ ಡೈನಮೋ ಇದ್ದಂಗ, ತಾನ ಹುಟ್ಟಸ್ತೈತಿ. ಅದೂ ಸೊಳ್ಳಿ ಉಚ್ಚಿ ಹೊಯ್ದಷ್ಟು.”

ಇಪ್ಪತ್ತೆರಡು ವರ್ಷ ಕಾಯಿಲ್ ಸುತ್ತಿದ ನನಗೆ ಇದು ಹೊಳೆದಿರಲಿಲ್ಲ. ಕಾಕಾ ಗೋಡೆಯ ಮೊಳೆಯಿಂದ, ಗಿಟಾರನ್ನು ಸ್ಪೀಕರಿಗೆ ಜೋಡಿಸುವ ತಮ್ಮ ವೈರನ್ನು ತೆಗೆದು, ಬೇರೆ ಗಿಟಾರಿಗೆ ಹಾಕಿ ಅದು ಸರಿಯಿದೆ ಎಂದು ತೋರಿಸಿ, ಆಮೇಲೆ ಮಲ್ಲೇಶಿಯ ಗಿಟಾರಿಗೆ ಹಾಕಿದರು. ವೈರು ಚುಚ್ಚುವ ಜಾಕು ಬೆರಳಿಗೆ ಸಿಕ್ಕು ಗಿರಕಿ ಹೊಡೆಯಿತು. ಅದರ ನಟ್ಟು ಸಡಿಲಾಗಿ, ಜಾಕು ತಿರುತಿರುಗಿ ಒಳಗಿನ ವೈರನ್ನು ತಿರುಚಿ ಕಿತ್ತಿತ್ತು. ಬೆಸುಗೆ ಹಾಕಿ ನಟ್ಟು ಬಿಗಿಮಾಡಲು ಹತ್ತು ನಿಮಿಷ ಹಿಡಿಯಿತು. ಉಳಿದ ಎರಡು ಕಾಯಿಲ್‌ಗಳಲ್ಲಿ ಗಿಟಾರು ಚೆನ್ನಾಗಿ ಮಾತಾಡಿತು.

ಈಗ ನನಗೆ ಒಂದು ದಾರಿ ಕಂಡಿತು. ಖಾಲಿ ಪಿಕಪ್ಪನ್ನು ಅದರ ಪ್ಲಾಸ್ಟಿಕ್ ಮುಚ್ಚಳದೊಳಗೇ ಕೂರಿಸಿಬಿಟ್ಟರೆ ಹೊರಗೆ ಏನೂ ತಿಳಿಯುವುದಿಲ್ಲ. ಮಲ್ಲೇಶಿ ಎರಡರಲ್ಲೇ ಬಾರಿಸುತ್ತಾನೆ. ಮೂರನೆಯದು ಮುಂದೆಂದೋ ತಾನಾಗಿ ಕೆಟ್ಟಿತು ಎಂದುಕೊಳ್ಳುತ್ತಾನೆ. ಹಳಿಯಾಳದಲ್ಲಿ ನನ್ನ ಹೆಸರು ಇದ್ದ ಹಾಗೇ ಇರುತ್ತದೆ. ಇದನ್ನು ಕಾಕಾರಿಗೆ ಮೆಲ್ಲಗೆ ಹೇಳಿದೆ.

ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಸ್ಕ್ರೂಡ್ರೈವರನ್ನು ಮೇಜಿನ ಮೇಲೆ ನನ್ನ ಕಡೆಗೆ ಸರಿಸಿದರು.

“ಮುಚ್ಚಪಾ. ಗಿಟಾರು ನಿನ್ನ ಕಡೆ ಬಂದದ್ದು, ನೀನ ಮುಚ್ಚು. ನಾ ಅಷ್ಟೊತ್ತಿಗೆ ಚಹಾ ಕುಡದ ಬರ್ತೇನಿ.”

ಅವರು ಎದ್ದು ಒಳಗೆ ಹೋದರು. ಚಹಾಕ್ಕೆ ಅಷ್ಟು ಹೊತ್ತು ಬೇಕಿರಲಿಲ್ಲ. ತಿರುಗಿ ಬಂದಾಗ ನಾನು ಒಂದು ಸ್ಕ್ರೂ ಮಾತ್ರ ಹಾಕಿದ್ದೆ. ಅದನ್ನೂ ಬಿಚ್ಚಿ ಕೈಯಲ್ಲಿ ಹಿಡಿದು ಕೂತಿದ್ದೆ. ಇಂಥ ತಂತಿ ಎಲ್ಲಿ ಸಿಗುತ್ತದೆ ಎಂದು ಕೇಳಿದೆ. ಕಾಕಾ ಮಂಚದ ಕೆಳಗಿನ ಡಬ್ಬಿಯಿಂದ ಹಳೆಯ ರಿಲೇ ಸ್ವಿಚ್ಚಿನ, ಅಂಥದೇ ತೆಳು ತಂತಿಯ ಒಂದು ಕಾಯಿಲ್ ತೆಗೆದುಕೊಟ್ಟರು.

ಅದನ್ನು ಬಿಚ್ಚಿ ಪಿಕಪ್ಪಿಗೆ ಸುತ್ತಿದ್ದು ನೀಲವ್ವ ಕಾಕುರವರ ಹೊಲಿಗೆ ಮಷಿನ್ನಿನ ಮೇಲೆ, ದಾರದ ಉಂಡೆ ಸುತ್ತುವ ಚಕ್ರಕ್ಕೆ ಸಿಕ್ಕಿಸಿ. ನನ್ನ ಬೆರಳುಗಳು ದಪ್ಪ ತಂತಿಗೆ ಪಳಗಿದವು. ಮೊದಲ ದಿನ ನಾಲ್ಕು ಸಲ ಹರಿಯಿತು. ಹರಿದಾಗೆಲ್ಲ ಕಾಕು ಅರ್ಧ ಹೊಲಿದ ಜಂಪರನ್ನು ಕೈಯಲ್ಲಿ ಹಿಡಿದು, ತಮ್ಮ ಮಷಿನ್ನು ಯಾವಾಗ ಸಿಗುತ್ತದೆ ಎಂದು ಕೇಳುತ್ತಿದ್ದರು. ಕಾಕಾ ತಾವು ಸುತ್ತಿ ಕೊಡುತ್ತೇನೆ ಎನ್ನಲಿಲ್ಲ. “ಜಗ್ಗಬ್ಯಾಡ, ಅದು ಬಂದಂಗ ಬರಲಿ” ಎಂದಷ್ಟೇ ಹೇಳುತ್ತಿದ್ದರು. ಗುರುವಾರ ಮಧ್ಯಾಹ್ನಕ್ಕೆ ಪಕ್ಕದ ಕಾಯಿಲ್ ಮೀಟರಿನಲ್ಲಿ ಎಷ್ಟು ತೋರಿಸುತ್ತಿತ್ತೋ ಹೆಚ್ಚು ಕಡಿಮೆ ಅಷ್ಟೇ ನನ್ನದೂ ತೋರಿಸಿತು. ಕಾಕಾ ಸ್ಕ್ರೂಡ್ರೈವರಿನಿಂದ ತಟ್ಟಿ, “ಮೂಗಿನ್ಯಾಗ ಹಾಡತೈತಿ. ಆದರ ಹಾಡತೈತಿ” ಎಂದರು.

ಸಂಜೆ ನಾನು ಹಳಿಯಾಳಕ್ಕೆ ಮರಳುವಷ್ಟರಲ್ಲಿ ಮಲ್ಲೇಶಿ ಅಂಗಡಿಗೆ ಬಂದ. ಕೆಟ್ಟಿದ್ದದ್ದು ಜಾಕು, ನಾನು ಕೊಯ್ದದ್ದು ಸರಿಯಿದ್ದ ಕಾಯಿಲ್, ಈಗ ಇರುವುದು ನಾನು ಸುತ್ತಿದ್ದು ಎಂದು ಒಂದೇ ಉಸಿರಿಗೆ ಹೇಳಿದೆ. ಪಕ್ಕದ ಗ್ಯಾರೇಜಿನವನೂ ಕೇಳಿಸಿಕೊಂಡ. ಮಲ್ಲೇಶಿ ಗಿಟಾರನ್ನು ತಿರುಗಿಸಿ ನೋಡಿದ.

“ನನ್ನ ಪಂಪಿನ ಮೋಟಾರಾದ್ರೂ ಖರೇನ ಸುಟ್ಟಿತ್ತೇನಣ್ಣಾ?” ಎಂದ.

ಸುಟ್ಟಿತ್ತು ಎಂದೆ. ಹೌದು, ವಾಸನೆ ಬಂದಿತ್ತು ಎಂದು ಅವನೇ ನೆನಪು ಮಾಡಿಕೊಂಡ. ಮರುದಿನ ಚಿಗಳ್ಳಿಗೆ ನಾನೂ ಹೋದೆ. ಮದುವೆಯವರು ನನಗೆ ಯಾರೂ ಅಲ್ಲ. ಮಲ್ಲೇಶಿ ಗಿಟಾರಿನ ಸ್ವಿಚ್ಚನ್ನು ನನ್ನ ಕಾಯಿಲ್ಲಿಗೆ ಸರಿಸಿಟ್ಟು ಎಲ್ಲ ಹಾಡನ್ನೂ ಅದರಲ್ಲೇ ಬಾರಿಸಿದ. ಕೊನೆಯ ಪಂಕ್ತಿ ಏಳುವ ತನಕ ನಾನು ಸ್ಪೀಕರಿನ ಮುಂದೆ ನಿಂತಿದ್ದೆ. ನನ್ನನ್ನು ಆರ್ಕೆಸ್ಟ್ರಾದವನೆಂದು ತಿಳಿದು ಯಾರೋ ಕೈಯಲ್ಲಿ ಬುಂದಿ ಲಾಡು ಇಟ್ಟರು.

ಕಳೆದ ವರ್ಷ ಕಾಕಾರ ಆರೋಗ್ಯ ಕೆಟ್ಟು ಮೇಜಿನ ಮುಂದೆ ಕೂಡುವುದು ನಿಂತಿತು. ನೋಡಲು ಹೋದಾಗ ಜೋಯಿಡಾ ಕಡೆಯ ಕೊಂಕಣಿ ಮಾತಾಡುವ ಒಬ್ಬಾತ ಗಿಟಾರು ಹಿಡಿದು ಮಂಚದ ಪಕ್ಕ ನಿಂತಿದ್ದ. ಬಾರಿಸುತ್ತ ಬಾರಿಸುತ್ತ ಧ್ವನಿ ಹೋಗುತ್ತದೆ, ಬಡಿದರೆ ಬರುತ್ತದೆ ಎಂದು ಹೇಳುತ್ತಿದ್ದ. ಕಾಕಾ ನನ್ನ ಕಡೆ ಕೈ ಮಾಡಿದರು.

“ಇವನ ಕಡೆ ಕೊಡ್ರಿ. ಇವ ಒಂದು ಚಲೋ ಕಾಯಿಲ್ ಕೊಯ್ದಾನ, ಕೊಯ್ದದ್ದನ್ನ ಹೇಳ್ಯಾನ.”

ಆತ ಗಿಟಾರನ್ನು ಎದೆಗೆ ಅವಚಿಕೊಂಡ.

“ಕೊಡ್ರಿ, ಕೊಡ್ರಿ. ಇನ್ನೂ ಕೊಯ್ಯದವರ ಕಡೆ ಕೊಟ್ರ ಅವರು ನಿಮ್ಮದನ್ನ ಮೊದಲ ಕೊಯ್ತಾರ.”

ಕೊಟ್ಟ. ಹಳಿಯಾಳಕ್ಕೆ ತಂದು ಎರಡು ದಿನ ಹುಡುಕಿದೆ. ಏನು ಕೆಟ್ಟಿತ್ತು ಎಂದು ಹೇಳಲು ಹೊರಡುವ ದಿನವೇ, ಕಾಕಾ ತೀರಿಕೊಂಡರು ಎಂದು ಫೋನು ಬಂತು. ಹೋದಾಗ ಅವರನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಹಾರ, ಮುಂದೆ ಭಜನೆಯವರು. ಅಲ್ಲಿ ಹೇಳುವ ಮಾತಲ್ಲವಾದ್ದರಿಂದ ಹೇಳದೆ ಬಂದೆ.

ಮುಂದಿನ ವಾರ ಮತ್ತೆ ಹೋಗಿ ನೀಲವ್ವ ಕಾಕುರವರ ಮುಂದೆ ಕೂತೆ. ಆ ಜೋಯಿಡಾದವರ ಗಿಟಾರಿನಲ್ಲಿ ಗುಂಡಿಯ ಹಿಂದಿನ ಒಂದು ಬೆಸುಗೆ ಬಿಟ್ಟಿತ್ತು, ಹೊರಗಿಂದ ನೋಡಿದರೆ ಕೂಡಿದಂತೆಯೇ ಕಾಣುತ್ತಿತ್ತು ಎಂದು ಹೇಳಿದೆ.

“ಬೆಸಿಗಿ ಬಿಟ್ಟಿರಬೇಕು ಅಂತ ಅವತ್ತ ಅಂದಿದ್ರು, ನೀ ಹೋದಮ್ಯಾಲ,” ಎಂದರು ಕಾಕು. “ಫೋನ್ ಮಾಡಿ ಹೇಳ್ಲೇನ್ರಿ ಅಂದೆ. ಬ್ಯಾಡ, ಹುಡಕ್ತಾನ ಅಂದ್ರು.”