ಆಟಿಯ ಕಷಾಯ, ಮೂಡುಬಿದಿರೆಯ ಮಾತ್ರೆ

ಮೊದಲು ನಿಂತದ್ದು ಬಸ್ಸು.

ಪುಂಜಾಲಕಟ್ಟೆ ದಾಟಿದ ಮೇಲೆ, ಯಾರೂ ಇಳಿಯದ ಒಂದು ತಿರುವಿನಲ್ಲಿ ನನ್ನ ಗಂಡ ಸದಾನಂದ ವಿಸಿಲ್ ಊದಿ ಬಸ್ಸು ನಿಲ್ಲಿಸಿದರು. ಹಿಂದಿನ ಸೀಟಿನಲ್ಲಿ ಇಬ್ಬರು ಕಾಲೇಜು ಹುಡುಗಿಯರು ನಗುತ್ತಿದ್ದರಂತೆ. "ನನ್ನ ಬಗ್ಗೆ ಏನು ಮಾತಾಡ್ತಾ ಇದ್ದೀರಿ?" ಎಂದು ಇವರು ಕೇಳಿದರು. ಆ ಮಕ್ಕಳು ಹೆದರಿ ಅತ್ತುಬಿಟ್ಟರು. ಡ್ರೈವರ್ ಇಸ್ಮಾಯಿಲಣ್ಣ ಇವರನ್ನು ಮಡಂತ್ಯಾರಿನ ನಮ್ಮ ಮನೆಯವರೆಗೆ ಕೈಹಿಡಿದು ತಂದು ಬಿಟ್ಟರು.

"ಸೈಕೋಸಿಸ್," ಎಂದರು ಮೂಡುಬಿದಿರೆಯ ಡಾಕ್ಟರು. ಇಲ್ಲದ ದನಿಗಳು ಕಿವಿಗೆ ಕೇಳುವ ಕಾಯಿಲೆಗೆ ಅದು ಹೆಸರಂತೆ.

ಅಲ್ಲಿಯವರೆಗೆ ನಾನು ಆ ಪದವನ್ನು ಸಿನಿಮಾದ ಖಳನಾಯಕರಿಗೆ ಮಾತ್ರ ಸೇರಿದ್ದು ಎಂದುಕೊಂಡಿದ್ದೆ. ನನ್ನ ಗಂಡ ಬಿ.ಸಿ. ರೋಡ್–ಬೆಳ್ತಂಗಡಿ ಬಸ್ಸಿನ ಕಂಡಕ್ಟರು. ನಮ್ಮ ಕಡೆ ಕಂಡಕ್ಟರಿಗೆ ಗಂಟಲೇ ಬಂಡವಾಳ. ದಾರಿಯ ಊರುಗಳನ್ನೆಲ್ಲ ಒಂದೇ ಉಸಿರಿನಲ್ಲಿ ಕೂಗುವುದು ಇವರ ಹೆಮ್ಮೆ. ನಮ್ಮ ಮದುವೆಯಲ್ಲೂ ಅದೇ ಸ್ವರದಲ್ಲಿ ಜನರನ್ನು ಊಟಕ್ಕೆ ಕರೆದಿದ್ದರು. "ಈ ಮೈಕಿನೊಟ್ಟಿಗೆ ಹೇಗೆ ಬಾಳ್ವೆ ಮಾಡ್ತೀಯ ಶಶಿ?" ಎಂದು ಅಪ್ಪ ತಮಾಷೆ ಮಾಡಿದ್ದರು.

ಮಾತ್ರೆ ಶುರುವಾಯಿತು. ಕೆಲವು ವಾರಗಳಲ್ಲಿ ಇವರಿಗೆ ಕೇಳುತ್ತಿದ್ದ ದನಿಗಳು ಅಡಗಿದವು. ದೇವರಿಗೆ ಕೈಮುಗಿದೆ. ಆದರೆ ಇವರ ದನಿಯೂ ಅಡಗಿತು. ಮುಖದಲ್ಲಿ ನಗುವೂ ಇಲ್ಲ, ಸಿಟ್ಟೂ ಇಲ್ಲ. ಕೈ ನಡುಗಿ ಚಹಾ ಬಟ್ಟೆಯ ಮೇಲೆ ಚೆಲ್ಲುತ್ತಿತ್ತು. ಒಂದು ದಿನ ಹಟ ಮಾಡಿ ಬಸ್ಸು ಹತ್ತಿದರು. ಟಿಕೆಟ್ ಮೆಷಿನಿನ ಗುಂಡಿ ಒತ್ತಲು ಬೆರಳು ಕೇಳಲಿಲ್ಲ. ಕೂಗು "ಬಂಟ್ವಾಳ, ವಗ್ಗ..." ಎನ್ನುವಲ್ಲಿಗೆ ನಿಂತಿತು. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆದ ಹಾಗಾಗಿತ್ತು ನಮ್ಮ ಕತೆ. ಇವರು ಬ್ಯಾಗನ್ನು ಗೋಡೆಯ ಮೊಳೆಗೆ ನೇತುಹಾಕಿ ಕುಳಿತರು.

ಅಷ್ಟರಲ್ಲಿ ನಮ್ಮ ತುಳುನಾಡಿನ ಆಷಾಢ, ಆಟಿ ತಿಂಗಳು ಬಂತು.

ಆಟಿ ಅಮಾವಾಸ್ಯೆಯ ದಿನ ಪಾಲೆಮರದ ತೊಗಟೆಯ ಕಷಾಯ ಕುಡಿಯದ ಮನೆ ನಮ್ಮಲ್ಲಿಲ್ಲ. ಬೆಳಕು ಹರಿಯುವ ಮೊದಲು, ಕತ್ತಿ ಮುಟ್ಟಿಸದೆ, ಕಲ್ಲಿನಲ್ಲಿ ಕೆತ್ತಿ ತರಬೇಕು. ಅತ್ತೆ ಅದಕ್ಕೆ ಕರಿಮೆಣಸು, ಬೆಳ್ಳುಳ್ಳಿ, ಓಮ ಅರೆದು ಹಾಕಿ ಮಗನ ಕೈಗೆ ಲೋಟ ಕೊಟ್ಟರು. ನಾನು ದೀಪ ಹಚ್ಚಲು ಒಳಗೆ ಹೋದಾಗ ಮೆಲ್ಲಗೆ ಒಂದು ಮಾತೂ ಸೇರಿಸಿದರಂತೆ: "ಇದರಲ್ಲಿ ಸಾವಿರದೊಂದು ಮದ್ದು ಉಂಟು ಮಗಾ. ಇದರ ಮೇಲೆ ಇಂಗ್ಲಿಷ್ ಮದ್ದು ಬೇಡ, ಎರಡೂ ಜಗಳ ಆಡ್ತದೆ."

ಇವರು ಅಂದು ಮಾತ್ರೆ ಬಿಟ್ಟರು. ಮರುದಿನವೂ ಬಿಟ್ಟರು. ಆಮೇಲೆ ಮುಟ್ಟಲೇ ಇಲ್ಲ. ಕೈ ಹಗುರವಾಯಿತು. ತುಂಬಿದ ಲೋಟವನ್ನು ಒಂದು ಹನಿ ಚೆಲ್ಲದೆ ಎತ್ತಿದರು! ಅತ್ತೆ ಪಾಲೆಮರದ ದಿಕ್ಕಿಗೆ ಕೈಮುಗಿದರು. ಏನೂ ತಿಳಿಯದ ನಾನು ಪಾಯಸ ಮಾಡಿದೆ.

ಪಾಯಸದ ಖುಷಿ ಬಹಳ ದಿನ ಉಳಿಯಲಿಲ್ಲ. ನಿದ್ದೆ ಹೋಯಿತು. ಒಂದು ಬೆಳಿಗ್ಗೆ ಅಂಗಳದಲ್ಲಿ ನಿಂತು ಇವರು ಹೇಳಿದರು:

"ಶಶೀ, ಆ ಕಾಗೆ ನನ್ನ ಹೆಸರು ಹೇಳ್ತಾ ಉಂಟು."

ಮಾತ್ರೆಯ ಪಟ್ಟಿ ನೋಡಿದೆ. ಅಮಾವಾಸ್ಯೆಯಿಂದ ಒಂದು ಮಾತ್ರೆಯೂ ಖಾಲಿಯಾಗದೆ ಹಾಗೆಯೇ ಇತ್ತು. ಅಂದೇ ಸಿದ್ಧಕಟ್ಟೆ ದಾರಿಯಾಗಿ ಮೂವರೂ ಮೂಡುಬಿದಿರೆಗೆ ಹೋದೆವು. ಅತ್ತೆ ದಾರಿಯುದ್ದಕ್ಕೂ ಸೆರಗಿನಲ್ಲಿ ಮೂಗು ಒರೆಸಿಕೊಂಡರು.

ಬೈಗುಳ ತಿನ್ನಲು ತಯಾರಾಗಿ ಕುಳಿತಿದ್ದೆವು. ಡಾಕ್ಟರು ಬೈಯಲಿಲ್ಲ.

"ಕೈ ನಡುಗುವುದನ್ನು ನನಗೆ ಯಾಕೆ ಹೇಳಲಿಲ್ಲ?"

"ಹುಷಾರಾಗಬೇಕಾದರೆ ಇಷ್ಟೆಲ್ಲ ಸಹಿಸಬೇಕು ಅಂತ ಎಣಿಸಿದೆ ಮೇಡಂ," ಎಂದರು ಇವರು.

"ಸಹಿಸಬೇಕಾಗಿಲ್ಲ. ಬೇರೆ ಮಾತ್ರೆ ಉಂಟು. ಆದರೆ ನೀವಾಗಿ ಒಮ್ಮೆಲೇ ಬಿಡುವ ಹಾಗಿಲ್ಲ. ಈಗ ಹಳೆಯದನ್ನೇ ಪುನಃ ಶುರು ಮಾಡುವ, ನಿದ್ದೆ ಬರಲಿ. ಆಮೇಲೆ ಅದನ್ನು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುವ, ಹೊಸದನ್ನು ಸ್ವಲ್ಪ ಸ್ವಲ್ಪವೇ ಜಾಸ್ತಿ ಮಾಡುವ."

ಮತ್ತೆ ಅತ್ತೆಯ ಕಡೆ ತಿರುಗಿದರು. "ಮಗನ ನಿದ್ದೆ ಗಮನಿಸುವುದು ನಿಮ್ಮ ಕೆಲಸ ಅಮ್ಮ. ನಿದ್ದೆ ಕೆಟ್ಟರೆ ಅದೇ ದಿನ ಫೋನ್ ಮಾಡಿ."

ಅತ್ತೆಗೆ ದೊಡ್ಡ ಉದ್ಯೋಗ ಸಿಕ್ಕಿತು. ಮಧ್ಯಾಹ್ನ ಮಗ ಕಣ್ಣು ಮುಚ್ಚಿದರೂ ಮಂಚದ ಬಳಿ ಬಗ್ಗಿ, "ನಿದ್ದೆ ಬಂತಾ ಮಗಾ?" ಎಂದು ಎಬ್ಬಿಸಿ ಕೇಳುತ್ತಿದ್ದರು. ಆದರೆ ಹಳೆಯ ಮಾತ್ರೆ ಅರ್ಧಕ್ಕೆ ಇಳಿದಾಗ ನಿದ್ದೆ ತೆಳುವಾದದ್ದನ್ನು ಮೊದಲು ಕಂಡವರೂ ಅವರೇ. ಫೋನ್ ಮಾಡಿದೆವು. "ಅವಸರ ಇಲ್ಲ, ಇದೇ ಡೋಸಿನಲ್ಲಿ ಇನ್ನೂ ಸ್ವಲ್ಪ ದಿನ ಇರುವ," ಎಂದರು ಡಾಕ್ಟರು. ಇದ್ದೆವು. ಇಷ್ಟು ನಿಧಾನದ ಕೆಲಸವನ್ನು ನಾನು ಜೀವಮಾನದಲ್ಲಿ ಮಾಡಿರಲಿಲ್ಲ. ದೋಸೆಯನ್ನು ಕೂಡ ಬೇಯುವ ಮೊದಲೇ ಮಗುಚುವ ಹೆಂಗಸು ನಾನು.

ಕೊನೆಗೆ ಹಳೆಯ ಮಾತ್ರೆ ಪೂರ್ತಿ ನಿಂತಿತು, ಕೈ ನಡುಕವೂ ಹೋಯಿತು. ಹೊಸ ಮಾತ್ರೆಗೂ ಅದರದೇ ತಂಟೆ ಇದೆ. ಹಸಿವು ಜಾಸ್ತಿ. ಹೊಟ್ಟೆ ಬಂದಿದೆ, ಆಗಾಗ ಶುಗರ್ ಟೆಸ್ಟ್ ಮಾಡಿಸಬೇಕು. ಆದರೆ ಒಂದು ಮಧ್ಯಾಹ್ನ ಬಂಗುಡೆ ಸಾರು ಬಾಯಿಗಿಟ್ಟವರೇ, "ಎಂತ ಮಾರಾಯ್ತಿ, ಉಪ್ಪಿನ ಡಬ್ಬವನ್ನೇ ಮಗುಚಿದ್ದಾ?" ಎಂದು ಪಕ್ಕದ ಮನೆಗೆ ಕೇಳುವ ಹಾಗೆ ಗದರಿದರು. ಅತ್ತೆ ನನ್ನ ಮುಖ ನೋಡಿದರು, ನಾನು ಅತ್ತೆಯ ಮುಖ ನೋಡಿದೆ. ಬೈಸಿಕೊಂಡು ಅಷ್ಟು ಸಂತೋಷಪಟ್ಟ ಹೆಂಡತಿ ಮಡಂತ್ಯಾರಿನಲ್ಲಿ ಇನ್ನೊಬ್ಬಳಿರಲಾರಳು.

ಆಟಿ ಪುನಃ ಬಂತು. ಈ ಸಲ ಅತ್ತೆ ಮೊದಲೇ ಫೋನ್ ಮಾಡಿಸಿ ಡಾಕ್ಟರನ್ನು ಕೇಳಿದರು. "ಕಷಾಯ ಬೇಡ, ಮೆಂತೆ ಗಂಜಿ ಕೊಡಿ, ಬೆಲ್ಲ ಮಾತ್ರ ಕಡಿಮೆ ಇರಲಿ," ಎಂದು ಉತ್ತರ ಬಂತು. ಕಹಿ ಕುಡಿದವರಿಗೆ ಮಾತ್ರ ಆ ಸಿಹಿ ಗಂಜಿ ಎಂಬುದು ನಮ್ಮ ಮನೆಯ ಕಾನೂನು. ನಾವೆಲ್ಲ ಮುಖ ಕಿವುಚಿ ಕಷಾಯ ನುಂಗುತ್ತಿದ್ದರೆ ಇವರು ಎರಡನೆಯ ಬಟ್ಟಲು ಗಂಜಿಗೆ ಕೈಚಾಚಿದರು. ಅತ್ತೆ ಬಟ್ಟಲಿನ ಪಕ್ಕ ಮಾತ್ರೆ ಇಟ್ಟು, ಅದು ಗಂಟಲಿಗಿಳಿಯುವವರೆಗೆ ಅಲ್ಲಿಂದ ಕದಲಲಿಲ್ಲ.

ಮೊಳೆಯಲ್ಲಿದ್ದ ಬ್ಯಾಗು ಹೆಗಲಿಗೇರಿತು. ಕೆಲಸಕ್ಕೆ ಮರಳುವ ದಿನ ನಾನೂ ಅತ್ತೆಯೂ ಬಿ.ಸಿ. ರೋಡಿಗೆ ಹೋಗಿ ಅದೇ ಬಸ್ಸು ಹತ್ತಿದೆವು. "ಬಂಟ್ವಾಳ, ವಗ್ಗ..." ನಾನು ಉಸಿರು ಬಿಗಿಹಿಡಿದೆ. "ಪುಂಜಾಲಕಟ್ಟೆ, ಮಡಂತ್ಯಾರ್, ಗುರುವಾಯನಕೆರೆ, ಬೆಳ್ತಂಗಡೀ!" ಇಸ್ಮಾಯಿಲಣ್ಣ ಸಂತೋಷಕ್ಕೆ ಸುಮ್ಮನೆ ಎರಡು ಸಲ ಹಾರ್ನ್ ಒತ್ತಿದರು. "ಮಾತ್ರೆ ತಪ್ಪಿಸುವುದಿಲ್ಲ, ಹಾಗಾಗಿ ಈ ಬೊಬ್ಬೆ," ಎಂದು ಅತ್ತೆ ಪಕ್ಕದ ಸೀಟಿನವರಿಗೆಲ್ಲ ಹೇಳಿದರು.

ಪುಂಜಾಲಕಟ್ಟೆಯಲ್ಲಿ ಕೆಲವರು ಇಳಿದರು. ಆಗ ಹಿಂದಿನ ಸೀಟಿನಲ್ಲಿ ಇಬ್ಬರು ಹುಡುಗಿಯರು ಕಿಸಕ್ಕನೆ ನಕ್ಕರು. ಇವರು ತಿರುಗಿ ನೋಡಿದರು. ನಾನು ಸೀಟಿನಿಂದ ಅರ್ಧ ಎದ್ದೆ. ಇವರು ಅವರ ಹತ್ತಿರ ಹೋದರು.

"ಟಿಕೆಟ್ ಆಯ್ತಾ ಮಕ್ಕಳೇ?"

ಆಯ್ತು ಎಂದರು ಮಕ್ಕಳು, ಮತ್ತೆ ತಮ್ಮ ನಗುವಿಗೆ ಮರಳಿದರು. ಇವರು ಬಾಗಿಲಿಗೆ ಬಂದು, ಬಸ್ಸಿನ ತಗಡಿಗೆ ಎರಡು ಬಡಿದು, ಹೊರಡುವ ಎಂದು ತುಳುವಿನಲ್ಲಿ ಕೂಗಿದರು:

"ರೈಟ್, ಪೋಯಿ!"